ಕಡೆಯ ಸಾಲಿಗೆ ಕಂಡ ಹೊಳೆ

ಒಂದು ನಾಟಕ ಕಂಪನಿ ಇತ್ತು. ಆ ಕಂಪನಿಯ ಪರದೆಗಳನ್ನೆಲ್ಲ ಬರೆಯುತ್ತಿದ್ದವರು ರಾಚಪ್ಪ ಮಾಸ್ತರರು. ಅರಮನೆ, ಅಡವಿ, ಬೀದಿ, ಸ್ಮಶಾನ, ಏನು ಕೇಳಿದರೂ ಬಟ್ಟೆಯ ಮೇಲೆ ತಂದು ನಿಲ್ಲಿಸುತ್ತಿದ್ದರು. ಅವರ ಅಡವಿಯ ಪರದೆ ಇಳಿಯಿತೆಂದರೆ ಮಕ್ಕಳು ಅಮ್ಮನ ಸೆರಗು ಹಿಡಿದುಕೊಳ್ಳುತ್ತಿದ್ದವು. ಈಗ ಅವರಿಗೆ ವಯಸ್ಸಾಗಿತ್ತು. ಬಲಗೈ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ.

ಅವರ ಶಿಷ್ಯೆ ನೀಲಗಂಗಾ. ಅವಳ ಕೈ ಬಲು ನಾಜೂಕು. ದೇವಿಯ ಪಟ ಬರೆದರೆ ಮೂಗುತಿಯ ಹರಳಿಗೂ ಹೊಳಪಿನ ಚುಕ್ಕೆ ಇಡುವಳು. ಆದರೆ ಅವಳಿಗೊಂದು ಚಟವಿತ್ತು. ಕುಂಚ ಓಡಾಡಿದ ಗುರುತು ಎಲ್ಲಿಯೂ ಉಳಿಯಬಾರದು. ಒಂದು ಗೀರು ಕಂಡರೂ ಸಾಕು, ಒಣ ಕುಂಚ ಹಿಡಿದು ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿಬಿಡುವಳು. ಯಾರಾದರೂ ತಪ್ಪು ಹುಡುಕಿಯಾರೆಂಬ ಭಯ. ಆ ಭಯಕ್ಕೆ ಅವಳು ಅಚ್ಚುಕಟ್ಟುತನ ಎಂದು ಹೆಸರಿಟ್ಟುಕೊಂಡಿದ್ದಳು. ನಗಬೇಡಿ ಮಕ್ಕಳೇ, ನಾವೆಲ್ಲ ಇಡುವ ಹೆಸರೂ ಅದೇ.

ಕಂಪನಿಯ ಮಾಲಕರು ಒಂದು ಹೊಸ ನಾಟಕ ಕೈಗೆತ್ತಿಕೊಂಡರು. ಅದರ ಕೊನೆಯ ದೃಶ್ಯದಲ್ಲಿ ಒಬ್ಬ ತಾಯಿ ತುಂಬಿ ಹರಿಯುವ ಹೊಳೆಗೆ ಇಳಿಯುತ್ತಾಳೆ. ಆಚೆ ದಡದಲ್ಲಿ ಅವಳ ಮಗು ಇದೆ. ಅದಕ್ಕೊಂದು ಹೊಳೆಯ ಪರದೆ ಬೇಕಾಯಿತು.

"ಮಾಸ್ತರ, ಈ ಪರದೆ ನೀಲಗಂಗಾ ಬರೀಲಿ," ಎಂದರು ಮಾಲಕರು. "ಚಲೋ ಬಂತಂದ್ರ ನಿಮ್ಮ ಜಾಗಾ ಅಕಿಗೇ. ಇಲ್ಲಂದ್ರ ಇನ್ನ ಮುಂದ ಎಲ್ಲಾ ಪರದೆ ಪಟ್ಟಣದಾಗ ಪ್ರಿಂಟ್ ಹಾಕಿಸಿ ತರಸ್ತೀನಿ. ಬಣ್ಣದ ಡಬ್ಬಿ ಕಟ್ಟಿ ಇಟ್ಟಬಿಡೂದು."

ನೀಲಗಂಗಾ ಅಲ್ಲೇ ನಿಂತು ಇದನ್ನು ಕೇಳಿಸಿಕೊಂಡಳು. ಅವಳಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ನಾಟಕದ ಥಿಯೇಟರಿನ ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿದರು. ನೀಲಗಂಗಾ ಅದರ ಮೇಲೆ ಕುಳಿತಳು, ಏಳಲೇ ಇಲ್ಲ. ಸಣ್ಣ ಕುಂಚದಿಂದ ಒಂದೊಂದೇ ಅಲೆ ಬರೆದಳು. ಪ್ರತಿ ಅಲೆಗೂ ನೆರಳು, ಪ್ರತಿ ಗುಳ್ಳೆಗೂ ಹೊಳಪು. ಎಲ್ಲ ಮುಗಿದ ಮೇಲೆ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದಳು. ಬಗ್ಗಿ ನೋಡಿದವರೆಲ್ಲ ಬೆರಗಾದರು. "ಕೈ ಇಟ್ರ ಒದ್ದಿ ಆದೀತು ನೋಡ್ರಿ!" ಎಂದು ಮಾಲಕರೇ ಹೊಗಳಿದರು.

ಮಾಸ್ತರರು ಮಾತ್ರ ದೂರ ನಿಂತು ನೋಡಿದರು. "ಮ್ಯಾಲ ಕಟ್ಟಿಸು," ಎಂದರು. ಪರದೆ ಕಟ್ಟಿದ ಮೇಲೆ ಅವಳನ್ನು ಕರೆದುಕೊಂಡು ಹೋಗಿ ಕಡೆಯ ಸಾಲಿನ ಬೆಂಚಿನ ಮೇಲೆ ಕೂರಿಸಿದರು. ಮಾಲಕರೂ ಬಂದು ಕುಳಿತರು. ತಾಲೀಮು ಶುರುವಾಯಿತು. ತಾಯಿಯ ಪಾತ್ರದವಳು ಓಡಿಬಂದು, "ಅಯ್ಯೋ, ಹೊಳೆ ಉಕ್ಕಿ ಬರುತ್ತಿದೆಯಲ್ಲಾ!" ಎಂದು ಎದೆ ಬಡಿದುಕೊಂಡಳು.

ಪಕ್ಕದಲ್ಲಿ ಚಹಾ ಕೊಡುತ್ತಿದ್ದವನು ಕಣ್ಣು ಕಿರಿದು ಮಾಡಿ ನೋಡಿದ. "ಎಲ್ಲಿ ಐತ್ರಿ ಹೊಳಿ? ಗ್ವಾಡಿಗೆ ನೀಲಿ ಸುಣ್ಣ ಹಚ್ಚಿದಂಗ ಕಾಣ್ತೈತಿ," ಎಂದ.

ಅವನು ಕುಹಕಕ್ಕೆ ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ. ನೀಲಗಂಗಾ ತಾನೂ ನೋಡಿದಳು. ಅಲೆಯಿಲ್ಲ, ಗುಳ್ಳೆಯಿಲ್ಲ. ಅಷ್ಟು ದಿನದ ಕೆಲಸವೆಲ್ಲ ಸೇರಿ ಒಂದು ನೀಲಿ ಗೋಡೆಯಾಗಿತ್ತು. ಅವಳ ಕಣ್ಣು ತುಂಬಿ ಬಂತು.

ಮಾಲಕರು ಎದ್ದು ನಿಂತರು. "ನಾಳೆ ಸಂಜಿಗೆ ಮೊದಲನೇ ಆಟ. ನಾ ಪಟ್ಟಣಕ್ಕ ಫೋನ್ ಮಾಡ್ತೀನಿ."

"ನಾಳೆ ಸಂಜೀತನಕ ತಡೀರಿ ಮಾಲಕರ," ಎಂದರು ಮಾಸ್ತರರು. "ಇಷ್ಟು ವರ್ಷ ದುಡದೀನಿ. ಇದೊಂದು ಕೇಳಾಕ್ಹತ್ತೀನಿ." ಮಾಲಕರು ಗೊಣಗುತ್ತ ಒಪ್ಪಿದರು.

ಮರುದಿನ ಬೆಳಿಗ್ಗೆ ಪರದೆಯನ್ನು ಮತ್ತೆ ನೆಲಕ್ಕೆ ಹಾಸಿದರು. ಬೇರೆ ಬಟ್ಟೆ ಇರಲಿಲ್ಲ. ಬರೆಯುವುದಾದರೆ ಅದರ ಮೇಲೆಯೇ ಬರೆಯಬೇಕು.

"ಮಾಸ್ತರ, ನೀವ ಬರೀರಿ. ನನ್ನ ಕಡಿಂದ ಆಗೂದಿಲ್ಲ," ಎಂದಳು ನೀಲಗಂಗಾ.

"ನನ್ನ ಹೆಗಲು ಏಳೂದಿಲ್ಲ. ಅದಿರ್ಲಿ ಯವ್ವಾ, ನೀ ತುಂಬಿದ ಹೊಳಿ ನೋಡೀಯೇನು?"

"ನೋಡೀನ್ರಿ. ನಾ ಸಣ್ಣಾಕಿದ್ದಾಗ ನಮ್ಮೂರ ಹಳ್ಳ ಬಂದಿತ್ತು. ಮಾಳಗಿ ಮ್ಯಾಲ ನಿಂತಿದ್ವಿ. ನಮ್ಮ ಎಮ್ಮಿ ಕಣ್ಣ ಮುಂದ ಹರಕೊಂಡು ಹೋತ್ರಿ. ಅವ್ವ ಹೆಸರ ಹಿಡದು ಕರದಳು. ಅದು ತಿರಗಿ ನೋಡ್ತು."

"ನೀರು ಹೆಂಗ ಬಂತು?"

"ಹೆಂಗಂದ್ರ... ಹಿಂಗ ಬಂತ್ರಿ! ಆ ಕಡಿಂದ ಹಿಂಗ ಎದ್ದು, ಹಿಂಗ ಹೊಳ್ಳಿ, ಬೇಲಿ ಕಿತ್ತು ಹಿಂಗ ಒಗೀತು!"

ಹೇಳುತ್ತ ಹೇಳುತ್ತ ಅವಳ ತೋಳು ಹೆಗಲಿನಿಂದಲೇ ಎದ್ದು ಗಾಳಿಯಲ್ಲಿ ಬೀಸಿತು. ಮಾಸ್ತರರು ಎಡಗೈ ಚಾಚಿ ಆ ಕೈಯನ್ನು ಅಲ್ಲೇ ಹಿಡಿದರು.

"ಈ ಕೈ ಇಷ್ಟು ದಿನ ಎಲ್ಲಿಟ್ಟಿದ್ದಿ? ಪರದೆ ಬರದದ್ದು ನಿನ್ನ ಬೆರಳು. ಹೊಳಿ ಗೊತ್ತಿರೂದು ಈ ತೋಳಿಗೆ. ಕುಂಚ ಇದಕ್ಕ ಕೊಡು."

ಅವರು ತಮ್ಮ ಹಳೆಯ ಅಗಲ ಕುಂಚವನ್ನು ತೆಗೆದು ಒಂದು ಉದ್ದನೆಯ ಬಿದಿರಿನ ಕೋಲಿಗೆ ಬಿಗಿದು ಕಟ್ಟಿದರು. ಅದನ್ನು ಹಿಡಿದರೆ ಕುಳಿತು ಬರೆಯುವಂತಿಲ್ಲ. ನಿಂತೇ ಬರೆಯಬೇಕು, ಗೀರಿನ ಜೊತೆಗೇ ನಡೆಯಬೇಕು.

"ಗುರುತು ಉಳೀತಾವಲ್ರಿ ಮಾಸ್ತರ?"

"ಉಳೀಲಿ. ನೀರು ಎತ್ತಾಗ ಓಡಿತು, ಎಲ್ಲಿ ಸಿಟ್ಟಿಗೆದ್ದಿತು ಅಂತ ಆ ಗುರುತ ಹೇಳಬೇಕು. ನೀ ಅದರ ಬಾಯಿ ಮುಚ್ಚಬ್ಯಾಡ."

ನೀಲಗಂಗಾ ಕೆಮ್ಮಣ್ಣಿನ ಬಣ್ಣದಲ್ಲಿ ಕುಂಚ ಅದ್ದಿದಳು. ತನ್ನದೇ ಚೆಂದದ ಅಲೆಗಳ ಮೇಲೆ ಅದನ್ನು ಎಳೆಯಲು ಮನಸ್ಸು ಬರಲಿಲ್ಲ. ಕಣ್ಣು ಮುಚ್ಚಿ ಆ ಎಮ್ಮೆಯ ಮುಖ ನೆನೆದಳು. ತೆರೆದವಳೇ ತೋಳು ಬೀಸಿದಳು. ಒಂದು ಗೀರು ಬಟ್ಟೆಯ ಈ ತುದಿಯಿಂದ ಆ ತುದಿಗೆ ಹೋಯಿತು. ನಡುವೆ ಬಣ್ಣ ತೀರಿ ಕೂದಲುಗೂದಲಾಗಿ ಹರಿದುಹೋಯಿತು. ಆ ಸಂದಿನಲ್ಲಿ ಕೆಳಗಿನ ನೀಲಿ ಇಣುಕಿತು, ನೀರಿಗೆ ಆಳ ಬಂದುಬಿಟ್ಟಿತು. ಅವಳ ಹಳೆಯ ಕೆಲಸವೂ ದಂಡವಾಗಲಿಲ್ಲ ನೋಡಿ.

ಒಮ್ಮೆ ಮಾತ್ರ ಚಟ ಎದ್ದು ಕುಳಿತಿತು. ಒಂದು ಗೀರು ವಕ್ರವಾಯಿತೆಂದು ತಿಕ್ಕಲು ಬಗ್ಗಿದಳು. ಮಾಸ್ತರರು ನೋಡುತ್ತಿದ್ದರು, ತಡೆಯಲಿಲ್ಲ. ಅವಳೇ ಒಣ ಕುಂಚವನ್ನು ದೂರ ಎಸೆದು, ಬಿದಿರಿನ ಕೋಲು ಎತ್ತಿಕೊಂಡಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ.

ಸಂಜೆ ಮಾಲಕರು ಬಂದು ಬಗ್ಗಿ ನೋಡಿದರು. ಅವರ ಮುಖ ಕೆಂಪಾಯಿತು. "ಏನವ್ವಾ ಇದು? ಕಸಬರಿಗಿ ತಗೊಂಡು ಬಳದೀಯೇನು?"

ನಿನ್ನೆಯಾಗಿದ್ದರೆ ನೀಲಗಂಗಾ ಅತ್ತುಬಿಡುತ್ತಿದ್ದಳು. ಇಂದು ತಲೆ ಎತ್ತಿ ಹೇಳಿದಳು. "ಮಾಲಕರ, ಇದನ್ನ ಬಗ್ಗಿ ನೋಡಬ್ಯಾಡ್ರಿ. ಕಡೇ ಸಾಲಿನ್ಯಾಗ ಕುಂತು ನೋಡ್ರಿ."

ಬೇರೆ ದಾರಿಯೂ ಇರಲಿಲ್ಲ, ಅದನ್ನೇ ಮೇಲೆ ಕಟ್ಟಿಸಿದರು. ಆಟ ಶುರುವಾಯಿತು. ಮಾಲಕರು ಸಿಟ್ಟಿನಿಂದಲೇ ಹೋಗಿ ಕಡೆಯ ಸಾಲಿನಲ್ಲಿ ಒಬ್ಬ ಮುದುಕಿಯ ಪಕ್ಕ ಕುಳಿತರು. ಕೊನೆಯ ದೃಶ್ಯ ಬಂತು. ಹೊಳೆಯ ಪರದೆ ಇಳಿಯಿತು. ಕೆಂಪು ನೀರು ಒಂದು ಕಡೆಯಿಂದ ಎದ್ದು, ಹೊರಳಿ, ಅಪ್ಪಳಿಸುತ್ತಿತ್ತು. ತಾಯಿ ಅದರ ಮುಂದೆ ನಿಂತು ಮಗುವನ್ನು ಕೂಗಿದಳು. "ಇಳೀಬ್ಯಾಡವ್ವಾ!" ಎಂದು ಜನರ ನಡುವಿನಿಂದ ಯಾರೋ ಅರಚಿದರು.

ಮಾಲಕರು ಪಕ್ಕಕ್ಕೆ ತಿರುಗಿದರು. ಮುದುಕಿ ಬೆಂಚಿನ ಕೆಳಗೆ ಬಿಟ್ಟಿದ್ದ ತನ್ನ ಚಪ್ಪಲಿಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

"ಚಪ್ಪಲಿ ಯಾಕ ಎತ್ತಿಟಗೊಂಡಿ ಆಯಿ?"

ಮುದುಕಿ ಪರದೆಯಿಂದ ಕಣ್ಣು ಕೀಳಲಿಲ್ಲ. "ಕಾಣೂದಿಲ್ಲೇನು? ಹೊಳಿ ಬರಾಕ್ಹತ್ತೈತಿ. ಹರಕೊಂಡು ಹೋದಾವು."

ಮಾಲಕರಿಗೆ ನಗು ಬಂತು. ನಗುತ್ತ ಕೆಳಗೆ ನೋಡಿದರು. ಅವರ ಎರಡು ಕಾಲೂ ಯಾವಾಗಲೋ ಬೆಂಚಿನ ಮೇಲೆ ಬಂದು ಕುಳಿತಿದ್ದವು.

ಪ್ರಿಂಟಿನ ಮಾತು ಆ ಕಂಪನಿಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ನೀತಿ: ತಪ್ಪಾದೀತೆಂಬ ಭಯಕ್ಕೆ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿದ ಕೆಲಸದಲ್ಲಿ ತಪ್ಪೂ ಉಳಿಯುವುದಿಲ್ಲ, ಜೀವವೂ ಉಳಿಯುವುದಿಲ್ಲ. ನೀವು ಕಂಡದ್ದನ್ನು, ಉಂಡದ್ದನ್ನು ತೋಳು ಬೀಸಿ ಧೈರ್ಯವಾಗಿ ಬರೆಯಿರಿ. ನಿಮ್ಮ ಕೈಯ ಗುರುತನ್ನು ನೀವೇ ಅಳಿಸಬೇಡಿ. ದೂರ ಕುಳಿತವರನ್ನು ಮುಟ್ಟುವುದು ಆ ಗುರುತೇ.