ಅಳಿವೆಯಲ್ಲಿ ತಲೆ ಎತ್ತುವ ಬೆಳ್ಳಿಮೀನು

ಆಗ ಲೋಕ ಹೊಸದು. ಕಡಲಿನ ಉಪ್ಪು ಕೂಡ ಇನ್ನೂ ಪೂರ್ತಿ ಕರಗಿರಲಿಲ್ಲ.

ಆ ಕಡಲಿನಲ್ಲಿ ಅಣ್ಣ ತಮ್ಮ ಇಬ್ಬರು ಮೀನುಗಳಿದ್ದರು. ಅಣ್ಣನ ಹೆಸರು ಹೊಳಪ. ಮೈತುಂಬ ದೊಡ್ಡ ದೊಡ್ಡ ಬೆಳ್ಳಿ ಹುರುಪೆ. ತಮ್ಮನ ಹೆಸರು ನೀಳ. ಹಗ್ಗದಂಥ ಮೈ, ಮೈಮೇಲೆಲ್ಲ ಲೋಳೆ. ನೋಡಿದವರು ಯಾರೂ ಇವರನ್ನು ಅಣ್ಣ ತಮ್ಮ ಎನ್ನುತ್ತಿರಲಿಲ್ಲ.

ಅವರ ಅಮ್ಮ ಮಾತ್ರ ನಗುತ್ತಿದ್ದಳು. “ಹುಟ್ಟಿದಾಗ ಇಬ್ಬರೂ ಒಂದೇ. ಎಲೆಯಷ್ಟು ತೆಳ್ಳಗೆ, ಗಾಜಿನಷ್ಟು ತಿಳಿ. ಯಾರನ್ನು ಮುದ್ದು ಮಾಡಿದೆ, ಯಾರನ್ನು ಬಿಟ್ಟೆ, ನನಗೇ ಗೊತ್ತಾಗುತ್ತಿರಲಿಲ್ಲ.”

ಅಮ್ಮ ತೀರಿಕೊಂಡಳು. ಅಣ್ಣ ತಮ್ಮ ಒಂದೇ ಬಂಡೆಯ ಕೆಳಗೆ ಮಲಗುತ್ತಿದ್ದರು. ನೀಳ ಅಣ್ಣನ ಸುತ್ತ ಸುರುಳಿ ಸುತ್ತಿಕೊಂಡು ಮಲಗುತ್ತಿದ್ದ. ಚಳಿ ಎಂದರೆ ಅವನಿಗೆ ಆಗದು.

ಕಡಲಿನಲ್ಲಿ ಆಗ ದಿನವೂ ಜಗಳ. ಆ ಬಂಡೆ ಯಾರದು, ಈ ಪಾಚಿ ಯಾರದು. ಕೇಳಿ ಕೇಳಿ ಕಡಲಿಗೆ ಸಾಕಾಯಿತು.

“ಆಮೆಯಜ್ಜ, ಯಾರು ಯಾರ ಪೈಕಿ ಅಂತ ವಿಂಗಡಿಸಿಬಿಡು. ಒಂದೊಂದು ಪೈಕಿಗೆ ಒಂದೊಂದು ಜಾಗ ಕೊಡುತ್ತೇನೆ. ಯಾರ ಪೈಕಿಯೂ ಅಲ್ಲದವರು ಹೊರಗೆ ಹೋಗಲಿ,” ಎಂದಿತು ಕಡಲು.

ಆಮೆಯಜ್ಜನಿಗೆ ಕಣ್ಣು ಮಂಜು. ಆದರೂ ಮರಳದಿಬ್ಬದ ಮೇಲೆ ಬಂದು ಕುಳಿತ.

“ಎಲ್ಲರೂ ರೆಕ್ಕೆ ಬಿಚ್ಚಿ. ಬೀಸಣಿಗೆಯ ಹಾಗೆ ರೆಕ್ಕೆಯಲ್ಲಿ ಕಡ್ಡಿ ಇರುವವರು ನನ್ನ ಬಲಕ್ಕೆ ಬನ್ನಿ.”

ಬಂಗುಡೆ ಬಂತು. ಬೂತಾಯಿ ಬಂತು. ಡಾಲ್ಫಿನ್ ಕೂಡ ಬಂತು. ಅಜ್ಜ ಅದರ ರೆಕ್ಕೆ ಮುಟ್ಟಿ ನೋಡಿದ.

“ಇದರೊಳಗೆ ಕಡ್ಡಿ ಇಲ್ಲ ಮಾರಾಯ, ಬೆರಳಿದೆ. ನಿನ್ನವರು ನೆಲದ ಮೇಲಿದ್ದಾರೆ. ಎಡಕ್ಕೆ ಹೋಗು.”

ಆಮೇಲೆ ಕಡಲಕುದುರೆ ಬಂತು. ಎಲ್ಲರೂ ನಕ್ಕರು.

“ಲಾಯ ಆ ಕಡೆ,” ಎಂದಿತು ಬಂಗುಡೆ.

“ಸುಮ್ಮನಿರಿ,” ಎಂದ ಅಜ್ಜ. “ಅನುಮಾನ ಇದ್ದವರಿಗೆ ಒಂದು ದಾರಿ ಇದೆ. ಸಂಬಂಧಿಕರು ಯಾರಾದರೂ ಎದ್ದು ಬಂದು ರೆಕ್ಕೆಗೆ ರೆಕ್ಕೆ ಹಚ್ಚಬೇಕು. ‘ಇವನು ನಮ್ಮವನು’ ಅಂತ ಎಲ್ಲರೆದುರು ಹೇಳಬೇಕು.”

ಕಡ್ಡಿಯಂಥ ಕೊಳವೆಮೀನು ಎದ್ದು ಬಂತು. ರೆಕ್ಕೆ ಹಚ್ಚಿತು. “ನಮ್ಮ ಚಿಕ್ಕಪ್ಪನ ಮಗ. ಮುಖ ಹಾಗಿದೆ ಅಷ್ಟೆ.”

ನಗು ನಿಂತಿತು. ಕಡಲಕುದುರೆಗೆ ಜಾಗ ಸಿಕ್ಕಿತು.

ಹೊಳಪನಿಗೆ ಆಗಲೇ ಸಿಕ್ಕಿತ್ತು. ಬೂತಾಯಕ್ಕ ಅವನನ್ನು ಕಂಡವಳೇ ಕರೆದಿದ್ದಳು. “ಏನು ಮಿಂಚುತ್ತೀಯೋ ಹುಡುಗ. ನೀನು ನಮ್ಮವನೇ. ಬಾ, ಇಲ್ಲೇ ನಿಲ್ಲು.” ಅದು ಮುಂದಿನ ಸಾಲು. ಮೇಲಿಂದ ಬಿಸಿಲು ನೇರ ಬೀಳುವ ಜಾಗ. ಹೊಳಪನ ಮೈ ಧಗಧಗ ಹೊಳೆಯಿತು. ತಾನು ಅವಳ ಪೈಕಿ ಅಲ್ಲ ಎಂದು ಅವನಿಗೆ ಗೊತ್ತಿತ್ತು. ಹೇಳಲಿಲ್ಲ.

ಕೊನೆಗೆ ನೀಳ ಬಂದ.

ಅವನ ರೆಕ್ಕೆ ಬೆನ್ನುದ್ದಕ್ಕೂ ಸಣ್ಣ ಅಂಚಿನಂತೆ ಹಬ್ಬಿತ್ತು. ಕಡ್ಡಿಗಳೇನೋ ಇದ್ದವು. ಲೋಳೆಯ ಅಡಿಯಲ್ಲಿ ಹೂತುಹೋಗಿದ್ದವು. ಅಜ್ಜ ಮುಟ್ಟಿ ನೋಡಿದ. ಕೈ ಜಾರಿತು. ಮತ್ತೆ ಮುಟ್ಟಿದ. ಮತ್ತೆ ಜಾರಿತು.

ಎಡಗಡೆಯಿಂದ ಕಡಲಹಾವು ಕೂಗಿತು. “ಇಲ್ಲಿ ಬಾ ಭಾವ. ನಮ್ಮಲ್ಲಿ ಜಾಗ ಬೇಕಾದಷ್ಟಿದೆ.”

“ನಾನು ಹಾವಲ್ಲ,” ಎಂದ ನೀಳ.

“ಹಾಗಾದರೆ ನಿನ್ನವರು ಯಾರಪ್ಪ?” ಅಜ್ಜ ಕೇಳಿದ. ಆಮೇಲೆ ಬಲಗಡೆ ತಿರುಗಿದ. “ಇವನ ಪೈಕಿ ಯಾರಿದ್ದೀರಿ?”

ಹೊಳಪನಿಗೆ ಕೇಳಿಸಿತು. ಎದ್ದು ಹೋಗಬೇಕು. ನಾಲ್ಕು ಮಾರು ದೂರ ಅಷ್ಟೇ. ಆದರೆ ಹೋದರೆ ಇವನ ಜೊತೆಗೇ ನಿಲ್ಲಬೇಕು, ಹಿಂದೆ, ಕೆಸರಿನಲ್ಲಿ. ಬೂತಾಯಕ್ಕ ಮೂಗು ಮುರಿಯುತ್ತಾಳೆ. ಬಂಗುಡೆ ನಗುತ್ತದೆ. ಬೇರೆ ಯಾರಾದರೂ ಹೇಳಲಿ ಎಂದುಕೊಂಡ. ಬೇರೆ ಯಾರಿದ್ದರು?

“ಯಾರೂ ಇಲ್ಲವೇ?” ಅಜ್ಜ ಇನ್ನೊಮ್ಮೆ ಕೇಳಿದ.

ನೀಳ ಅಣ್ಣನನ್ನು ನೋಡಿದ. ಹೊಳಪ ಕಣ್ಣು ತಗ್ಗಿಸಿದ.

“ಬಿಡಿ ಅಜ್ಜ,” ಎಂದ ನೀಳ. “ಇಲ್ಲಿ ನಮ್ಮವರು ಯಾರೂ ಕಾಣುತ್ತಿಲ್ಲ.”

ಅಣ್ಣನ ಹೆಸರು ಹೇಳಲಿಲ್ಲ. ಹೊಳೆ ಕಡಲು ಸೇರುವ ಅಳಿವೆ ದಾಟಿ, ಮೇಲೆ ಹೊಳೆ ಹತ್ತಿ ಹೊರಟುಹೋದ.

ಬಿಸಿಲಿನ ಜಾಗದಲ್ಲಿ ಹೊಳಪ ಸುಖವಾಗಿದ್ದ. ಬಂಡೆಯ ಕೆಳಗೆ ಮಲಗಿದಾಗ ಮಾತ್ರ ಚಳಿಯಾಗುತ್ತಿತ್ತು.

ಹೊಳಪನಿಗೆ ಮದುವೆಯಾಯಿತು. ಮೊಟ್ಟೆ ಒಡೆದು ಮಕ್ಕಳು ಬಂದವು. ಬೂತಾಯಕ್ಕ ನೋಡಲು ಬಂದಳು. ನೋಡಿ ಹಿಂದೆ ಸರಿದಳು.

“ಇದೇನೋ ಇದು? ನಮ್ಮ ಮಕ್ಕಳು ಹೀಗಿರುವುದಿಲ್ಲ.”

ಹೊಳಪ ಬಗ್ಗಿ ನೋಡಿದ. ಎಲೆಯಷ್ಟು ತೆಳ್ಳಗೆ. ಗಾಜಿನಷ್ಟು ತಿಳಿ. ಇದು ನಾನೋ, ಇದು ನೀಳನೋ? ಅವನಿಗೆ ಗೊತ್ತಾಗಲಿಲ್ಲ.

ನೇರ ಆಮೆಯಜ್ಜನ ಬಳಿ ಹೋದ.

“ಅಜ್ಜ, ಅವತ್ತು ಬಂದವನು ನನ್ನ ತಮ್ಮ.”

ಅಜ್ಜ ಮಂಜುಗಣ್ಣು ಎತ್ತಿ ಅವನನ್ನು ನೋಡಿದ.

“ಅವತ್ತು ನಿನಗೆ ಕಿವಿ ಕೇಳಿಸಲಿಲ್ಲವೇ?”

“ಕೇಳಿಸಿತ್ತು.”

“ಕರೆದುಕೊಂಡು ಬಾ. ನನ್ನೆದುರು ರೆಕ್ಕೆಗೆ ರೆಕ್ಕೆ ಹಚ್ಚು. ಜಾಗ ಕೊಡಿಸುತ್ತೇನೆ.”

ಹೊಳಪ ಅಳಿವೆಗೆ ಬಂದ. ನೀರೆಲ್ಲ ಕೆಸರು. ಉಸಿರು ಕಟ್ಟಿತು. ಮೇಲೆದ್ದು ಬಾಯಿ ತೆರೆದು ಗಾಳಿ ಕುಡಿದ. ಮತ್ತೆ ಮುಳುಗಿ ಕೂಗಿದ. “ನೀಳಾ.”

ಹೊಳೆ ಹೇಳಿತು, “ಕೂಗಬೇಡ. ಮೇಲೆ, ಕಲ್ಲಿನ ಪೊಟರೆಯಲ್ಲಿದ್ದಾನೆ. ಹಗಲು ಹೊರಗೆ ಬರುವುದಿಲ್ಲ. ಯಾರೊಡನೆಯೂ ಮಾತಿಲ್ಲ.”

“ಕಡಲಿಗೆ ಬರುವುದೇ ಇಲ್ಲವೇ?”

“ಒಮ್ಮೆ ಬರುತ್ತಾನೆ. ಅವನ ಮಕ್ಕಳು ಉಪ್ಪುನೀರಿನಲ್ಲೇ ಹುಟ್ಟಬೇಕು. ಅದಕ್ಕೆ ಇಳಿದು ಹೋದವನು ತಿರುಗಿ ಬರುವುದಿಲ್ಲ.”

“ಆಗ ಹಿಡಿಯುತ್ತೇನೆ.”

“ನಿನ್ನ ಕಣ್ಣಿಗೆ ಬೀಳಬಾರದು ಅಂತಲೇ ಅವನು ಮಳೆಗಾಲದ ನೆರೆಯ ಜೊತೆ ಹೋಗುವುದು,” ಎಂದಿತು ಹೊಳೆ.

ಹೊಳಪ ಕಾದ. ಉಸಿರು ಕಟ್ಟಿದಾಗ ಮೇಲೆ ಬಂದ. ಗಾಳಿ ಕುಡಿದ. ಮತ್ತೆ ಮುಳುಗಿದ. ಮಳೆಗಾಲ ಬಂತು. ನೆರೆ ಬಂತು. ಕೆಂಪು ನೀರು, ಮರದ ತುಂಡು, ಕಸ. ತನ್ನ ರೆಕ್ಕೆಯೇ ತನಗೆ ಕಾಣದು.

ಆ ನೀರಿನಲ್ಲಿ ಏನೋ ಬಂದು ಅವನ ರೆಕ್ಕೆಗೆ ತಾಗಿತು. ಉದ್ದಕ್ಕೆ, ನುಣ್ಣಗೆ, ಜಾರುತ್ತ ಹೋಯಿತು. ಲೋಳೆಯ ಅಡಿಯಲ್ಲಿ ಸಣ್ಣ ಸಣ್ಣ ಕಡ್ಡಿಗಳು. ಒಂದಾದ ಮೇಲೊಂದು.

“ಇವನು ನಮ್ಮವನು,” ಎಂದು ಹೊಳಪ ಕೂಗಿದ. “ಇವನು ನನ್ನ ತಮ್ಮ.”

ತಿರುಗಿ ನೋಡಿದರೆ ಬರೀ ಕೆಂಪು ನೀರು. ರೆಕ್ಕೆಗೆ ರೆಕ್ಕೆ ತಾಗಿತ್ತು. ನೋಡಿದವರು ಯಾರೂ ಇರಲಿಲ್ಲ. ಆಮೆಯಜ್ಜ ದೂರದ ಮರಳದಿಬ್ಬದಲ್ಲಿದ್ದ. ನೀಳನಿಗೆ ಕೇಳಿಸಿತೋ ಇಲ್ಲವೋ, ಹೊಳೆಯೂ ಹೇಳಲಿಲ್ಲ.

ಅಂದಿನಿಂದ ನೀಳನ ಮಕ್ಕಳು ಉಪ್ಪುನೀರಿನಲ್ಲಿ ಹುಟ್ಟಿ, ಹೊಳೆ ಹತ್ತಿ ಬಂದು, ಅಲ್ಲಿಯ ಪೊಟರೆಗಳಲ್ಲೇ ಇದ್ದಾರೆ. ಜನ ಅವರನ್ನು ಹಾವುಮೀನು ಎನ್ನುತ್ತಾರೆ. ಹಿಡಿದರೆ ಜಾರುತ್ತಾರೆ. ಹೊಳಪನ ಮಕ್ಕಳಿಗೆ ಕಡಲಿನ ಬಿಸಿಲಿನಲ್ಲಿ ಮನಸ್ಸು ನಿಲ್ಲುವುದಿಲ್ಲ. ಅವರು ಅಳಿವೆಗೆ ಬರುತ್ತಾರೆ.

ಮಗು, ನೀನು ಅಳಿವೆಯ ದಂಡೆಯಲ್ಲಿ ಸದ್ದು ಮಾಡದೆ ನಿಂತರೆ, ಬೆಳ್ಳಿಯಂಥ ಮೀನೊಂದು ಕೆಸರು ನೀರಿನಿಂದ ಮುಖ ಎತ್ತಿ, ಒಂದು ಗುಟುಕು ಗಾಳಿ ಕುಡಿದು, ಮತ್ತೆ ಕೆಳಗೆ ಹುಡುಕಲು ಹೋಗುವುದು ಇವತ್ತಿಗೂ ಕಾಣುತ್ತದೆ.