ಎಟುಕದ ನಾಲ್ಕು ಎಸೆತ

ಜಪಾನಿನ ಒಂದು ನದಿಯ ದಂಡೆಯಲ್ಲಿ ಬೇಸ್‌ಬಾಲ್ ಪಂದ್ಯ ನಡೆದಿತ್ತು. ಆಟವನ್ನೇ ಕಸುಬಾಗಿಸಿಕೊಂಡವರ ಪಂದ್ಯ. ಸೋತ ತಂಡ ಆ ವರ್ಷಕ್ಕೆ ಮನೆಗೆ.

ಗುರು ಮೊರಿಯಾಸು ತಂಡಕ್ಕೆ ಆಟ ಕಲಿಸುವವರು. ಶಿಷ್ಯ ಸೆಯಿಜಿ ಚೆಂಡು ಎಸೆಯುವವನು. ಮಧ್ಯಾಹ್ನವಿಡೀ ಎಸೆದು, ಎದುರಾಳಿಗಳಿಗೆ ಒಂದು ರನ್ನೂ ಬಿಟ್ಟುಕೊಟ್ಟಿರಲಿಲ್ಲ. ಅವನ ತಂಡವೇನೂ ಸಿರಿವಂತವಲ್ಲ: ಗಳಿಸಿದ್ದು ಒಂದೇ ಒಂದು ರನ್.

ಕೊನೆಯ ಸರದಿ. ಇನ್ನೊಬ್ಬ ಔಟಾದರೆ ಗೆಲುವು. ಆದರೆ ಎದುರಾಳಿಯೊಬ್ಬ ಎರಡನೇ ಬೇಸಿನಲ್ಲಿ, ಅಂದರೆ ಒಂದು ರನ್ನಿನ ಅರ್ಧ ದಾರಿಯಲ್ಲಿ, ಓಡಲು ತುದಿಗಾಲಲ್ಲಿ ನಿಂತಿದ್ದ. ಬ್ಯಾಟು ಹಿಡಿದು ಬಂದವನು ಹಯಾಮಾ. ಆ ಸೀಮೆಯಲ್ಲಿ ಅವನಂಥ ಹೊಡೆತಗಾರ ಇನ್ನೊಬ್ಬನಿರಲಿಲ್ಲ.

ಗುರು ಮೈದಾನದೊಳಗೆ ನಡೆದು ಬಂದರು.

"ಇವನನ್ನ ಬಿಟ್ಟುಬಿಡು."

ಅಂದರೆ, ಬ್ಯಾಟಿಗೆ ಎಟುಕದಷ್ಟು ದೂರಕ್ಕೆ ನಾಲ್ಕು ಸಲ ಎಸೆಯಬೇಕು. ಹೊಡೆತಗಾರ ಸುಮ್ಮನೆ ಮೊದಲ ಬೇಸಿಗೆ ನಡೆದು ಹೋಗುತ್ತಾನೆ. ಸೆಣಸಾಟ ಅವನ ಹಿಂದೆ ಬರುವವನ ಜೊತೆ.

"ಜನ ಹೇಡಿ ಅಂತಾರೆ, ಗುರುಗಳೇ."

"ಅಂತಾರೆ."

"ಇವನನ್ನ ಔಟ್ ಮಾಡೇ ಮಾಡ್ತೀನಿ. ಇವತ್ತು ನನ್ನ ಕೈ ಹಾಗಿದೆ."

"ಕೈ ಚೆನ್ನಾಗಿದೆ. ದೂರ ಎಸಿ."

ಗುರು ಹಿಂದಿರುಗಿದರು.

ಸೆಯಿಜಿ ದೂರ ಎಸೆದ. ಜನ ಹೋ ಎಂದರು. ಮತ್ತೊಂದು ಎಸೆದ. ಹಯಾಮಾ ಬ್ಯಾಟನ್ನು ಊರುಗೋಲಿನಂತೆ ಊರಿಕೊಂಡು ನಕ್ಕ.

"ಏನಪ್ಪಾ, ಚಳಿಯಾ? ಕಂಬಳಿ ತರಿಸಲಾ?"

ಮೂರನೆಯದನ್ನು ಸೆಯಿಜಿ ಮೈಯ ಬಲವೆಲ್ಲ ಹಾಕಿ ನೇರಕ್ಕೇ ಎಸೆದ.

ಠಣ್!

ಚೆಂಡು ಎಲ್ಲರ ತಲೆಯ ಮೇಲೆ ಹಾರಿ, ಬೇಲಿ ದಾಟಿ, ನದಿಗೆ ಬಿತ್ತು. ಹಯಾಮಾ ಕೈ ಮೇಲೆತ್ತಿ ಓಡತೊಡಗಿದ.

ಅಂಪೈರ್ ತಡೆದರು. ಚೆಂಡು ಮೈದಾನದ ಪಕ್ಕದ ಗೆರೆಯಿಂದ ಗೇಣಷ್ಟು ಆಚೆ ಹೋಗಿತ್ತು. ಆ ಹೊಡೆತಕ್ಕೆ ರನ್ ಇಲ್ಲ.

ಸೆಯಿಜಿ ಗುರುಗಳ ಕಡೆ ನೋಡಿದ. ಅವರು ಬೆಂಚಿನ ಮೇಲೆ ಕಿತ್ತಳೆ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ಅವನ ಚೆಂಡು ಹಿಡಿಯುವ ಕುರೋಸು ಮುಖದ ಜಾಲರಿ ಸರಿಸಿ ಹತ್ತಿರ ಬಂದ.

"ಅಣ್ಣಾ, ಆ ಗೆರೆ ಎಳೆದ ಪುಣ್ಯಾತ್ಮನ ಕಾಲಿಗೆ ಆಮೇಲೆ ಬೀಳೋಣ. ಈಗ ಎಲ್ಲಿ ಎಸೀತೀಯ?"

ಸೆಯಿಜಿ ಹಲ್ಲು ಕಚ್ಚಿದ. "ದೂರ."

ಬೇಕೆಂದೇ ದೂರ ಎಸೆಯುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಜನರ ಕೂಗು ಬೆನ್ನಿಗೆ ಬಡಿಯುತ್ತಿತ್ತು. ಎಸೆದ. ಇನ್ನೊಂದನ್ನೂ ಎಸೆದ.

ಹಯಾಮಾ ಬ್ಯಾಟು ಬಿಸಾಕಿ, ಗೊಣಗುತ್ತಾ ಮೊದಲ ಬೇಸಿಗೆ ನಡೆದ.

ಅವನ ಹಿಂದೆ ಬಂದವನು ಹೊಡೆದ ಚೆಂಡು ಎತ್ತರಕ್ಕೆ ಹೋಗಿ, ಸೆಯಿಜಿಯ ತಂಡದವನೊಬ್ಬನ ಕೈಗೆ ಇಳಿಯಿತು. ಒಂದು ರನ್ನಿನ ಗೆಲುವು.

ಸಂಜೆ ಗುರು ಶಿಷ್ಯರಿಬ್ಬರೂ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದರು.

"ಗೆದ್ದೆವು, ಗುರುಗಳೇ. ಆದರೂ ಒಂದು ಕೊರೀತಾನೇ ಇದೆ."

"ಏನದು?"

"ಇನ್ನೊಂದು ಸಲ ನೇರ ಎಸೆದಿದ್ದರೆ ಹಯಾಮಾನನ್ನ ಸೋಲಿಸ್ತಿದ್ದೆನಾ? ಅದು ಗೊತ್ತಾಗಲೇ ಇಲ್ಲ."

"ನಾಳೆ ಒಂದು ಚೆಂಡು ತಗೊಂಡು ಅವನ ಮನೆಗೇ ಹೋಗಿ ತಿಳ್ಕೊ," ಎಂದರು ಗುರು. "ಅದಕ್ಕೋಸ್ಕರ ತಂಡದ ಇನ್ನೂ ಎಂಟು ಜನರನ್ನ ಯಾಕೆ ಬಿಸಿಲಲ್ಲಿ ನಿಲ್ಲಿಸ್ಕೋತೀಯ?"