ನಾಲ್ಕು ದಿನದ ದಿಣ್ಣೆ

ಹೊಂಗೆಹಳ್ಳಿಯಿಂದ ಸೂಸೆಪಾಳ್ಯಕ್ಕೆ ಹೋಗುವ ರಸ್ತೆಯಲ್ಲಿ, ಎರಡೂ ಊರುಗಳ ಎಲ್ಲೆ ಕೂಡುವ ಕಡೆ, ಎಡಗೈಗೆ ಒಂದು ದಿಣ್ಣೆ ಸಿಗುತ್ತದೆ. ಎರಡಾಳೆತ್ತರ ಇದ್ದೀತು. ಮೈತುಂಬ ಸಣ್ಣ ಕಲ್ಲು, ಅಲ್ಲಲ್ಲಿ ತಂಗಡಿ ಗಿಡ, ಬೇಸಿಗೆಯಲ್ಲಿ ಆಡಿನ ಹಿಕ್ಕೆ. ಇಷ್ಟು ಬಿಟ್ಟರೆ ಅಲ್ಲಿ ನೋಡುವಂಥದ್ದೇನೂ ಇಲ್ಲ. ಹೊಂಗೆಹಳ್ಳಿಯವರು ದಾರಿಯಲ್ಲಿ ಬಿದ್ದ ಗುಂಡುಕಲ್ಲಿಗೂ ಅರಿಶಿನ ಕುಂಕುಮ ಇಡುವ ಜನ. ನಮ್ಮ ಪಾಳ್ಯದವರೋ ಎತ್ತರದ ಜಾಗ ಕಂಡರೆ ಶಿಲುಬೆ ನೆಡದೆ ಬಿಡುವವರಲ್ಲ. ಹಾಗಿದ್ದೂ ಈ ದಿಣ್ಣೆಯ ಮೇಲೆ ಕುಂಕುಮವೂ ಇಲ್ಲ, ಶಿಲುಬೆಯೂ ಇಲ್ಲ. ಬಸ್ಸಿನವರು ‘ನಾಕ್‌ದಿನ, ನಾಕ್‌ದಿನ’ ಎಂದು ಕೂಗಿ ಜನರನ್ನು ಇಳಿಸುತ್ತಾರೆ. ಇದೆಂಥ ಹೆಸರೆಂದು ಹೊಸಬರು ಕೇಳಿದರೆ, ಯಾವುದೋ ಪಾಳೇಗಾರನ ದಂಡು ಇಲ್ಲಿ ನಾಲ್ಕು ದಿನ ಬೀಡುಬಿಟ್ಟಿತ್ತೆಂದು ನಮ್ಮ ಹುಡುಗರು ಹೇಳಿ ಕೈತೊಳೆದುಕೊಳ್ಳುತ್ತಾರೆ. ದಂಡೂ ಬಂದಿರಲಿಲ್ಲ, ಪಾಳೇಗಾರನೂ ಬಂದಿರಲಿಲ್ಲ. ಮೂವತ್ತೊಂದು ವರ್ಷ ಎರಡೂ ಊರಿನ ಮಕ್ಕಳಿಗೆ ಪಾಠ ಹೇಳಿದ ನಾನು ಈ ಹೆಸರಿನ ಹಿಂದಿನ ಸಂಗತಿಯನ್ನು ಎರಡೂ ಊರಿನ ಹಿರಿಯರ ಬಾಯಿಂದ ಕೇಳಿದ್ದೇನೆ. ಊರಿನ ಐತಿಹ್ಯ ಬರೆಯುವವನು ಊರಿನ ಮಾನ ಕಾಯಬೇಕೆಂದು ಪಾಳ್ಯದವರು ನನಗೆ ಬುದ್ಧಿ ಹೇಳಿದ್ದಾರೆ. ಮಾನದ ವಿಷಯ ಆಮೇಲೆ ನೋಡೋಣ, ನಡೆದದ್ದನ್ನು ಮೊದಲು ಹೇಳುತ್ತೇನೆ.

ಹಿಂದೆ ಒಮ್ಮೆ, ನನ್ನ ಮುತ್ತಾತ ಇನ್ನೂ ಹುಟ್ಟಿರದ ಕಾಲದಲ್ಲಿ, ಪಾಳ್ಯದಲ್ಲಿ ಚೌರಪ್ಪ ಎಂಬ ಉಪದೇಶಿ ಇದ್ದ. ಗುರುಗಳು, ಅಂದರೆ ಪಾದ್ರಿಗಳು, ಎರಡು ದಿನದ ದಾರಿಯಾಚೆ ಇದ್ದರು. ಮೂರು ತಿಂಗಳಿಗೊಮ್ಮೆ ಬಂದು ಪೂಜೆ ಅರ್ಪಿಸಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಜಪ ಹೇಳಿಕೊಡುವುದು, ಸಾಯುವವರ ತಲೆದೆಸೆಯಲ್ಲಿ ಕೂರುವುದು, ಜಗಳ ಬಿಡಿಸುವುದು ಎಲ್ಲವೂ ಚೌರಪ್ಪನ ಪಾಲಿಗೆ. ಒಳ್ಳೆಯ ಮನುಷ್ಯ, ಆದರೆ ಹಿಡಿದದ್ದನ್ನು ಬಿಡದವನು ಎನ್ನುತ್ತಾರೆ. ಅವನ ತಾತನ ಕಾಲದಲ್ಲಿ ಪಾಳ್ಯದ ಮೂವತ್ತು ಮನೆಗಳು ಒಟ್ಟಿಗೆ ಜ್ಞಾನಸ್ನಾನ ಪಡೆದು ಕ್ರೈಸ್ತ ಮತಕ್ಕೆ ಸೇರಿದ್ದವು. ಆಗ ಆ ತಾತ ಪಾಳ್ಯದ ಮಾರಿಗುಡಿಯನ್ನು ಕೈಯಾರೆ ಕೆಡವಿ ಕಲ್ಲುಗಳನ್ನು ಹೊಳೆಗೆ ಹಾಕಿದ್ದ. ನೆಂಟರು ಹೆಣ್ಣು ಕೊಡುವುದನ್ನು ನಿಲ್ಲಿಸಿದರು. ಅದೇ ವರ್ಷ ಅವನ ಇಬ್ಬರು ಗಂಡುಮಕ್ಕಳು ಜ್ವರದಲ್ಲಿ ಹೋದಾಗ, ಅಮ್ಮ ಸುಮ್ಮನೆ ಬಿಟ್ಟಾಳೆಯೇ ಎಂದು ಸುತ್ತಲಿನ ಊರುಗಳು ಆಡಿಕೊಂಡವು. ಅವನು ಅಲುಗಲಿಲ್ಲ. ಇನ್ನು ಮುಂದೆ ನಮ್ಮ ಕುಲದವರ ಕೈ ಮಾರಿಯನ್ನು ಮುಟ್ಟಕೂಡದು ಎಂದು ಉಳಿದೊಬ್ಬ ಮಗನಿಂದ ಆಣೆ ಪಡೆದ. ಆ ಮಗ ತನ್ನ ಮಗನಾದ ಚೌರಪ್ಪನಿಂದ ಪಡೆದ. ಈ ಆಣೆಯನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ. ಚೌರಪ್ಪನಿಗೆ ಮಾರಿ ಎಂದರೆ ಬರೀ ಮರದ ಬೊಂಬೆಯಾಗಿರಲಿಲ್ಲ, ತನ್ನ ತಾತ ಎರಡು ಮಕ್ಕಳನ್ನು ಮಣ್ಣು ಮಾಡಿಯೂ ಬಗ್ಗದೆ ನಿಂತ ಜಾಗವಾಗಿತ್ತು.

ಒಂದು ವರ್ಷ, ರಾಗಿ ಪೈರು ಮೊಣಕಾಲುದ್ದ ಇದ್ದಾಗ, ಹೊಂಗೆಹಳ್ಳಿಗೆ ವಾಂತಿಭೇದಿ ಬಡಿಯಿತು. ಹತ್ತು ದಿನದಲ್ಲಿ ಹದಿನೇಳು ಹೆಣ ಎದ್ದವು. ಆ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಇತ್ತಂತೆ. ರೋಗ ಬಿದ್ದ ಊರಿನವರು ಬೇವಿನ ಮರದಲ್ಲಿ ಮಾರಿಯನ್ನು ಕೆತ್ತಿ, ಪುಟ್ಟ ಗಾಡಿಯ ಮೇಲೆ ಕೂರಿಸಿ, ತಮ್ಮ ಎಲ್ಲೆಯವರೆಗೆ ಎಳೆದು ತಂದು ಬಿಡಬೇಕು. ಮುಂದಿನ ಊರಿನವರು ಅದನ್ನು ತಮ್ಮ ಎಲ್ಲೆ ದಾಟಿಸಬೇಕು. ಹೀಗೆ ಊರಿಂದೂರಿಗೆ ಸಾಗಿ ಅಮ್ಮ ಹೊಳೆ ಸೇರಬೇಕು. ಬಿಟ್ಟು ಬಂದವರು ಮತ್ತೆ ಗಾಡಿ ಮುಟ್ಟುವಂತಿಲ್ಲ, ಮುಟ್ಟಿದರೆ ಅವಳು ಅವರ ಹಿಂದೆಯೇ ಬರುತ್ತಾಳೆ. ಅವಳು ಹೊಳೆ ಸೇರುವವರೆಗೆ ಅವರು ಊರೊಳಗೆ ಕಾಲಿಡುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಬೆಂಕಿ ಕಂಡ ಯಾವುದನ್ನೂ ಬಾಯಿಗಿಡುವಂತಿಲ್ಲ. ಹೊಂಗೆಹಳ್ಳಿಗೂ ಹೊಳೆಗೂ ನಡುವೆ ಇದ್ದದ್ದು ಪಾಳ್ಯ ಒಂದೇ. ಪಾಳ್ಯದವರು ಕ್ರೈಸ್ತರಾದ ಮೇಲೆ ಗಾಡಿ ಹೊರಡುವಂಥ ರೋಗ ಬಂದದ್ದು ಅದೇ ಮೊದಲು. ಹೊಂಗೆಹಳ್ಳಿಯವರು ಗಾಡಿಯನ್ನು ಈ ದಿಣ್ಣೆಯ ಮೇಲೆ ತಂದು ನಿಲ್ಲಿಸಿ, ಹೊಲದ ಬದುಗಳಲ್ಲಿ ಸೊಪ್ಪಿನ ಮರೆ ಕಟ್ಟಿಕೊಂಡು, ಹೆಂಗಸರು ಮಕ್ಕಳು ರೋಗಿಗಳೊಂದಿಗೆ ಕಾದು ಕೂತರು.

ಅವರ ಕಡೆಯಿಂದ ಕೇಳಲು ಬಂದವನು ಹೊನ್ನೇಗೌಡ. ಚೌರಪ್ಪನ ಓರಗೆಯವನು, ಇಬ್ಬರ ಹೊಲಗಳೂ ದಿಣ್ಣೆಯ ಆಚೀಚೆ. ತಾತಂದಿರ ಕಾಲದ ಮುನಿಸನ್ನು ಮರೆತು ಎರಡೂ ಊರುಗಳು ಹೋಗಿ ಬಂದು ಮಾಡುವಂತಾದದ್ದೇ ಇವರಿಬ್ಬರಿಂದ. ಆ ದಿನ ಅವನು ಪಾಳ್ಯದ ಹೊರಗೇ ನಿಂತು ಹೇಳಿ ಕಳಿಸಿದ. ರೋಗದೂರಿನ ಕಾಲು ಒಳಗೆ ಬರಬಾರದೆಂಬ ಎಚ್ಚರ ಅವನಿಗೇ ಇತ್ತು. ಚೌರಪ್ಪ ಬಂದಾಗ ಅವನು ಹೆಚ್ಚು ಮಾತಾಡಲಿಲ್ಲ.

“ಪೂಜೆ ಮಾಡು ಅಂತ ಕೇಳ್ತಿಲ್ಲ ಚೌರಣ್ಣ, ಕೈಮುಗಿ ಅಂತಾನೂ ಕೇಳ್ತಿಲ್ಲ. ಗಾಡಿ ಎಳ್ದು ಹೊಳೆಗ್ ಬುಟ್ಬುಡಿ, ಅಷ್ಟೆಯ. ನಿಮ್ ಗುಡಿ ತೊಲೆನ ಕಾಡಿಂದ ನಾವು ಹೆಗಲ್ ಕೊಟ್ಟು ತರೋವಾಗ ನಮ್ ದ್ಯಾವ್ರು ನಮ್ಮನ್ನೇನೂ ಕೇಳ್ನಿಲ್ಲ.”

ದಾರಿಗೆ ನಾವು ಅಡ್ಡ ಬರುವುದಿಲ್ಲ, ಅಕ್ಕಿ ಬೇಳೆ ಕಷಾಯ ಏನು ಬೇಕಾದರೂ ಕಳಿಸುತ್ತೇವೆ ಎಂದ ಚೌರಪ್ಪ. ದಾರಿ ಬಿಟ್ಟರೆ ಗಾಡಿ ತಾನಾಗಿ ಉರುಳುವುದಿಲ್ಲ ಎಂದು ಹೊನ್ನೇಗೌಡ ಹೇಳಿದ. ಕೊನೆಗೆ ಚೌರಪ್ಪ, “ನಾಕ್ ದಿನ ತಡ್ಕೊ ಗೌಡ, ಗುರುಗಳನ್ನ ಒಂದ್ ಮಾತು ಕೇಳ್ಬೇಕು” ಎಂದ. ಹೋಗಲು ಎರಡು ದಿನ, ಬರಲು ಎರಡು ದಿನ. ಹೊನ್ನೇಗೌಡ ಒಮ್ಮೆ ತಿರುಗಿ ಸೊಪ್ಪಿನ ಮರೆಗಳ ಕಡೆ ನೋಡಿ ಹೊರಟುಹೋದ. ಆ ಗಳಿಗೆಯಲ್ಲೇ ಚೌರಪ್ಪ ಒಬ್ಬ ಗಟ್ಟಿ ಆಳನ್ನು ಗುರುಗಳ ಊರಿಗೆ ಓಡಿಸಿದ. ಕೇಳುವುದು ತಪ್ಪಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರೇ ಹೇಳುತ್ತಿದ್ದರು.

ಪಾಳ್ಯದವರಿಗೆ ದಯೆ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಮೊದಲ ದಿನವೇ ಮನೆಮನೆಯಲ್ಲೂ ಗಂಜಿ ಕಾಯಿಸಿ, ಮಡಕೆಗಳನ್ನು ಹೊತ್ತು ದಿಣ್ಣೆಯ ಬುಡದಲ್ಲಿ ಇಟ್ಟರು. ಸಂಜೆ ಎಲ್ಲರೂ ತಮ್ಮ ಕಡೆಯ ಹೊಲದಲ್ಲಿ ಮೊಣಕಾಲೂರಿ ಹೊಂಗೆಹಳ್ಳಿಗಾಗಿ ಜಪಮಾಲೆ ಹೇಳಿದರು. ಮಾರನೆಯ ದಿನ ಹೋಗಿ ನೋಡಿದರೆ ಮಡಕೆಗಳು ತುಂಬಿದ ಹಾಗೆಯೇ ಇದ್ದವು, ಮೇಲೆ ಕೆನೆ ಕಟ್ಟಿತ್ತು. ಎರಡನೆಯ ದಿನವೂ ಹಾಗೆಯೇ ಆಯಿತು. ನಮ್ಮವರಿಗೆ ಕೋಪ ಬಂತು. ಹಸಿದು ಸಾಯುತ್ತಿದ್ದರೂ ಕೊಟ್ಟದ್ದನ್ನು ತಿನ್ನದ ಕೊಬ್ಬು ನೋಡಿ ಎಂದು ಕೆಲವರು ಅಂದರು. ರಾತ್ರೋರಾತ್ರಿ ಆ ಬೊಂಬೆಗೆ ಬೆಂಕಿ ಇಟ್ಟರೆ ಅವರ ಭ್ರಮೆಯೂ ಬಿಡುತ್ತದೆ, ಒಲೆಯೂ ಉರಿಯುತ್ತದೆ ಎಂದು ಇಬ್ಬರು ಮೂವರು ಉತ್ಸಾಹಿಗಳು ಹೊರಟಾಗ ಚೌರಪ್ಪನೇ ಕೋಲು ಹಿಡಿದು ಅವರನ್ನು ಅಟ್ಟಿದ. ನಮ್ಮ ಜನರ ಗುಣವೇ ಅದು. ನಾವು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ, ಆದರೆ ಅವರು ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಡುತ್ತೇವೆ.

ಚೌರಪ್ಪನ ಹೆಂಡತಿ ಜಪಮಾಲಮ್ಮ ಮಾತ್ರ ಮಡಕೆಯನ್ನು ಬುಡದಲ್ಲಿಟ್ಟು ತಿರುಗಿ ಬರುವವಳಲ್ಲ, ಮರೆಗಳವರೆಗೂ ಹೋಗುತ್ತಿದ್ದಳು. ಅಲ್ಲಿ ಹೊನ್ನೇಗೌಡನ ಮೊಮ್ಮಗಳು ಚೆನ್ನಾಜಿ, ಮೂರು ವರ್ಷದ ಕೂಸು, ಎರಡು ದಿನ ಅತ್ತಿತ್ತ ಓಡಾಡಿಕೊಂಡಿತ್ತು. ನೀರು ಕಾಯಿಸುವಂತಿಲ್ಲ, ಬದುವಿನ ಹಳ್ಳದ ನೀರನ್ನೇ ಎಲ್ಲರೂ ಕುಡಿಯುತ್ತಿದ್ದರು. ಮೂರನೆಯ ದಿನ ಆ ಮಗುವಿಗೂ ರೋಗ ತಗುಲಿತು. ಅದು ಗಂಜಿಯ ಕಡೆ ಕೈ ನೀಡಿದರೆ ಅಜ್ಜಿ ಅದರ ಮುಖವನ್ನು ಸೆರಗಿನೊಳಗೆ ಒತ್ತಿಕೊಳ್ಳುತ್ತಿದ್ದಳು. ನೇಮ ಕೆಟ್ಟರೆ ಊರಿಗೂರೇ ಹೋಗುತ್ತದಲ್ಲಾ ಎಂದು ಆ ಮುದುಕಿ ಅಳುತ್ತಿದ್ದಳು. ಜಪಮಾಲಮ್ಮ ಮನೆಗೆ ಬಂದು ಗಂಡನಿಗೆ ಇದನ್ನು ಹೇಳಿದಾಗ, ಮಗುವಿಗೆ ನಾಲ್ಕು ಗುಟುಕು ಕುಡಿಸಿದರೆ ಅವರ ಗಂಟೇನು ಹೋಗುತ್ತದೆ, ಮೂಢತನ ಬಿಟ್ಟರಾಗದೇ ಎಂದು ಅವನು ರೇಗಿದನಂತೆ. ಅವಳು ಹೇಳಿದ ಮಾತನ್ನು ಪಾಳ್ಯದ ಹೆಂಗಸರು ಇವತ್ತಿಗೂ ಹೇಳುತ್ತಾರೆ.

“ನಮ್ ನೇಮ ನಾವು ಬುಡಾಕಿಲ್ಲ, ಅವ್ರು ಮಾತ್ರ ಅವರ್ದ ಬುಡ್ಬೇಕು. ಇದ್ಯಾವ ಸೀಮೆ ನ್ಯಾಯ?”

ಚೌರಪ್ಪ ಆ ದಿನ ಉಣ್ಣಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗುರುಗಳ ಊರಿನ ದಾರಿಯನ್ನೇ ನೋಡುತ್ತ ಪಾಳ್ಯದ ಬಾಗಿಲಲ್ಲಿ ಕೂತಿದ್ದ. ಆಳಿನ ಸುಳಿವಿಲ್ಲ. ಹೊತ್ತು ನೆತ್ತಿಗೆ ಬಂದಾಗ ದಿಣ್ಣೆಯ ಕಡೆಯಿಂದ ಹೆಂಗಸರ ಗೋಳು ಕೇಳಿತು. ಯಾರು ಹೋದರೆಂದು ಅವನು ಕೇಳಲಿಲ್ಲ, ಹೇಳಲು ಯಾರೂ ಬರಲಿಲ್ಲ, ಆದರೂ ಅವನಿಗೆ ಗೊತ್ತಾಯಿತು ಎನ್ನುತ್ತಾರೆ. ಎದ್ದು ನೇರ ದಿಣ್ಣೆ ಹತ್ತಿದ. ಹಿಂದೆ ಜಪಮಾಲಮ್ಮ ಇದ್ದಳು. ಅವನು ಕೊರಳಿನ ಜಪಸರವನ್ನು ತೆಗೆದು ಅವಳ ಕೈಗೆ ಕೊಟ್ಟ, ಅದನ್ನು ಹಾಕಿಕೊಂಡು ಈ ಕೆಲಸ ಮಾಡಲಾರೆನೆಂದು. ಅವಳು ಅದನ್ನು ಮತ್ತೆ ಅವನ ಕೊರಳಿಗೇ ಹಾಕಿ, ಗಾಡಿಯ ಹಿಂದೆ ಹೋಗಿ ಕೈಕೊಟ್ಟಳು. ಪಾಳ್ಯದ ಬೀದಿಯಲ್ಲಿ ಗಾಡಿ ಹೋಗುವಾಗ ಎಲ್ಲ ಬಾಗಿಲುಗಳೂ ಮುಚ್ಚಿದ್ದವು. ಬಿಸಿಲಿನಲ್ಲಿ ಗಂಡಹೆಂಡಿರು ಇಬ್ಬರೇ ಅಮ್ಮನನ್ನು ಹೊಳೆಯವರೆಗೆ ಎಳೆದು ನೀರಿಗೆ ಬಿಟ್ಟರು. ಹೊಂಗೆಹಳ್ಳಿಯಲ್ಲಿ ಹೊಗೆ ಎದ್ದದ್ದು ಆಮೇಲೆ. ಆ ಊರಿನಲ್ಲಿ ಅಂದು ಮೊದಲು ಹಚ್ಚಿದ ಒಲೆಯ ಮೇಲೆ ಕಾದದ್ದು ಚೆನ್ನಾಜಿಯ ಮೈ ತೊಳೆಯುವ ನೀರು.

ಆಳು ಮರಳಿ ಬಂದದ್ದು ಅದೇ ಸಂಜೆ. ‘ನಾನು ಬರುವವರೆಗೆ ಏನನ್ನೂ ಮಾಡಬೇಡಿ’ ಎಂದು ಗುರುಗಳು ಬರೆದಿದ್ದರು. ಅವರು ಬಂದದ್ದು ಮುಂದಿನ ತಿಂಗಳು. ಅಷ್ಟರಲ್ಲಿ ದೂರು ಹೇಳಲು ಪಾಳ್ಯದಲ್ಲಿ ಜನ ಸಾಲುಗಟ್ಟಿದ್ದರು. ಪೂಜೆ ಮುಗಿದ ಮೇಲೆ ಗುರುಗಳು ಎಲ್ಲರೆದುರು ಚೌರಪ್ಪನನ್ನು ನಿಲ್ಲಿಸಿ, ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆಂದು ಹೇಳು, ಇದನ್ನು ಇಲ್ಲಿಗೇ ಮುಗಿಸೋಣ ಎಂದರು. ಚೌರಪ್ಪ ಮೊಣಕಾಲೂರಿದ.

“ಪಡ್ತೀನಿ ಸ್ವಾಮಿ. ಎಳ್ದಿದ್ದಕ್ಕಲ್ಲ. ನಾಕ್ ದಿನ ಎಳೀದೆ ಇದ್ದಿದ್ದಕ್ಕೆ.”

ಗುರುಗಳು ಮೂರು ಸಲ ಕೇಳಿದರು, ಅವನು ಮೂರು ಸಲವೂ ಅದನ್ನೇ ಹೇಳಿದ. ಉಪದೇಶಿಯ ಕೆಲಸ ಹೋಯಿತು. ಒಂದು ವರ್ಷ ದೇವಾಲಯದ ಹೊಸ್ತಿಲ ಹೊರಗೇ ನಿಂತು ಪೂಜೆ ಕೇಳಬೇಕೆಂದು ಶಿಕ್ಷೆಯಾಯಿತು. ಮಾರನೆಯ ದಿನ ಊರಿಗೆ ಹೊರಟ ಗುರುಗಳು ದಾರಿ ಬಿಟ್ಟು ದಿಣ್ಣೆ ಹತ್ತಿ ಬಹಳ ಹೊತ್ತು ಒಬ್ಬರೇ ನಿಂತಿದ್ದರಂತೆ. ಏನು ಯೋಚಿಸಿದರೋ ತಿಳಿಯದು. ಶಿಕ್ಷೆಯನ್ನಂತೂ ತೆಗೆಯಲಿಲ್ಲ. ಆ ಜಾಗಕ್ಕೆ ನಾಲ್ಕು ದಿನದ ದಿಣ್ಣೆ ಎಂಬ ಹೆಸರು ಅಂದಿನಿಂದಲೇ ನಿಂತಿತು.

ಹೊನ್ನೇಗೌಡ ಮತ್ತೆಂದೂ ಚೌರಪ್ಪನೊಡನೆ ಮಾತಾಡಲಿಲ್ಲ. ಆದರೆ ಆ ವರ್ಷದ ಕೊಯ್ಲಿನಲ್ಲಿ ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಬಂದು, ಚೌರಪ್ಪನ ಹೊಲಕ್ಕಿಳಿದು, ಸಂಜೆಯವರೆಗೆ ರಾಗಿ ಕೊಯ್ದು, ಅವರ ಮನೆಯ ನೀರನ್ನೂ ಮುಟ್ಟದೆ ಹೋದ. ನಮ್ಮ ಕಡೆ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ನನ್ನ ಕೆಲಸಕ್ಕೆ ನೀನು ಒಂದು ದಿನ ಕೈಕೊಟ್ಟರೆ ನಿನ್ನ ಕೆಲಸಕ್ಕೆ ನಾನು ಒಂದು ದಿನ ಕೈಕೊಡಬೇಕು. ಪಡೆದವನು ‘ಮುಯ್ಯಿ ತೀರಿತು’ ಎಂದ ಮೇಲೆ ಲೆಕ್ಕ ಚುಕ್ತಾ. ಚೌರಪ್ಪ ಬದುವಿನಲ್ಲಿ ನಿಂತು ನೋಡಿದ, ಆದರೆ ಆ ಮಾತು ಹೇಳಲಿಲ್ಲ. ಮುಂದಿನ ವರ್ಷವೂ ಗೌಡ ಬಂದ, ಅದರ ಮುಂದಿನ ವರ್ಷವೂ ಬಂದ. ತೀರಿತೆಂದರೆ ಅವನು ಮತ್ತೆ ಬರುವುದಿಲ್ಲವಲ್ಲ ಎಂದು ಚೌರಪ್ಪ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದನಂತೆ. ಇಬ್ಬರೂ ಹಾಗೆಯೇ ಮುದುಕರಾಗಿ, ಹಾಗೆಯೇ ಸತ್ತರು. ಮಕ್ಕಳಿಲ್ಲದ ಚೌರಪ್ಪನ ಹೊಲ ದೇವಾಲಯಕ್ಕೆ ಸೇರಿತು. ಹೊನ್ನೇಗೌಡನ ಮಗ ಬಂದ, ಅವನ ಮಗ ಬಂದ. ಈಗ ಬರುವವನು ಆ ವಂಶದ ಮಾಯಿಗೌಡ, ನನ್ನ ಹಳೆಯ ಶಿಷ್ಯ.

ಎರಡು ವರ್ಷದ ಹಿಂದೆ ಪತ್ರಿಕೆಯವರೊಬ್ಬರು ಬಂದು, ಅವನು ಕೊಯ್ಯುವ ಚಿತ್ರ ತೆಗೆದು, ಭಾವೈಕ್ಯದ ಕೊಯ್ಲು ಎಂದು ಬರೆದರು. ನಮ್ಮವರು ಅದಕ್ಕೆ ಕಟ್ಟು ಹಾಕಿಸಿ ದೇವಾಲಯದ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ನನಗೆ ಅದನ್ನು ಕಂಡಾಗಲೆಲ್ಲ ನಾಚಿಕೆಯಾಗುತ್ತದೆ. ಕಳೆದ ಕೊಯ್ಲಿನಲ್ಲಿ ನಾನೇ ಹೊಲಕ್ಕೆ ಹೋಗಿ, ಇದು ಎಲ್ಲಿಯವರೆಗೆ ನಡೆಯುತ್ತದಪ್ಪಾ ಎಂದು ಮಾಯಿಗೌಡನನ್ನು ಕೇಳಿದೆ. ಅವನು ಬೆನ್ನು ನೆಟ್ಟಗೆ ಮಾಡಿ ಬೆವರು ಒರೆಸಿಕೊಂಡ.

“ಮುಯ್ಯಿ ತೀರ್ತು ಅಂತ ಪಡ್ದೋರ್ ಹೇಳ್ಬೇಕು ಮೇಷ್ಟ್ರೆ. ಅಲ್ಲೀಗಂಟ ಹೋಗಿ ಅಂತ ನಮ್ ಹಿರೀಕ್ರು ಹೇಳವ್ರೆ. ನಿಮ್ಮೋರ್ ಇನ್ನೂ ಯಾರೂ ಹೇಳಿಲ್ವಲ್ಲ.”

ಅಲ್ಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹೊಲ ದೇವಾಲಯದ್ದು, ಹೇಳಲು ನಾನ್ಯಾರು ಎಂದುಕೊಂಡು ಮನೆಗೆ ಬಂದೆ. ಆಮೇಲೆ ಪಾಳ್ಯದ ಸಭೆಯಲ್ಲಿ ವಿಷಯ ಎತ್ತಿದೆ. ಯಾರೂ ಎದುರಾಡಲಿಲ್ಲ. ಹೇಳಬೇಕಾದದ್ದೇ, ಹೇಳಿ ಅವನನ್ನು ಕರೆದು ಕೂರಿಸಿ ಉಣ್ಣಲಿಕ್ಕಬೇಕಾದದ್ದೇ ಎಂದು ಎಲ್ಲರೂ ಒಪ್ಪಿದರು. ಆದರೂ ಇಂಥದ್ದಕ್ಕೆ ಗುರುಗಳನ್ನು ಒಂದು ಮಾತು ಕೇಳುವುದು ಒಳ್ಳೆಯದೆಂದು ತೀರ್ಮಾನವಾಗಿ, ಕೇಳಿ ಬರಲು ಇಬ್ಬರನ್ನು ನೇಮಿಸಿದರು. ಅದಾಗಿ ಹನ್ನೊಂದು ತಿಂಗಳಾಯಿತು. ಬರುವ ತಿಂಗಳು ಕೊಯ್ಲು. ದಿಣ್ಣೆಯ ಹತ್ತಿರ ಬಸ್ಸಿಳಿದವರು, ಮಾಯಿಗೌಡ ಒಬ್ಬನೇ ಬಗ್ಗಿ ನಮ್ಮ ರಾಗಿ ಕೊಯ್ಯುತ್ತಿರುವುದನ್ನು ಈ ಸಲವೂ ನೋಡಬಹುದು.